ಭೀಮನ ಚಕ್ಕುಬಂದಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ನಾಯಿಯಿಂದ ಶುರು ಮಾಡಿದರೆ ನೀವು ಮಕ್ಕಳ ಕಥೆ ಅಂದುಕೊಂಡು ಪಕ್ಕಕ್ಕಿಡುತ್ತೀರಿ. ಡೈವೋರ್ಸಿನಿಂದ ಶುರು ಮಾಡಿದರೆ ಕರ್ಚೀಫ್ ತೆಗೆದು ಕೂರುತ್ತೀರಿ, ಕೊನೆಗೆ ಅದು ಒದ್ದೆಯಾಗಲಿಲ್ಲ ಅಂತ ನನ್ನನ್ನೇ ಬೈಯುತ್ತೀರಿ.

ಮೊದಲ ಡ್ರಾಫ್ಟು ಹೀಗಿತ್ತು:

"ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ, ಒಂದು ಭಾನುವಾರದ ಬೆಳಗ್ಗೆ, ಒಂದು ಕೈಯಿಂದ ಇನ್ನೊಂದು ಕೈಗೆ ಒಂದು ಬದುಕು ದಾಟುತ್ತಿತ್ತು."

(ದಾಟುತ್ತಿದ್ದದ್ದು ನಾಯಿ. ಅದೂ ದಾಟುತ್ತಿರಲಿಲ್ಲ, ಬೋಂಡದ ಗಾಡಿ ಕಡೆಗೆ ಎಳೆಯುತ್ತಿತ್ತು. ಹಾಳೆ ಕಿತ್ತು ಬಿಸಾಕಿದೆ.)

ಎರಡನೆಯ ಡ್ರಾಫ್ಟಿನಲ್ಲಿ ಜಾಣತನ ತೋರಿಸಲು ಹೋಗಿ ಇಡೀ ಕಥೆಯನ್ನು ನಾಯಿಯ ಬಾಯಿಂದಲೇ ಹೇಳಿಸಿದೆ. ಮೂರು ಪುಟ ಬರೀ ವಾಸನೆಯೇ ಬಂತು. ಯಾವ ಕಂಬಕ್ಕೆ ಯಾರು ಬಂದು ಹೋದರು ಅನ್ನುವುದು ಬಿಟ್ಟರೆ ಅದಕ್ಕೆ ಲೋಕದ ಯಾವ ಸುದ್ದಿಯೂ ಬೇಕಾಗಿರಲಿಲ್ಲ. ನನ್ನ ಸಮಕಾಲೀನ ಲೇಖಕರು ಕೆಲವರು ಇದನ್ನು ಕಾದಂಬರಿ ಮಾಡುತ್ತಿದ್ದರು. ನಾನು ಮಾಡಲಿಲ್ಲ.

ಆದ್ದರಿಂದ ಜಾಣತನ ಬಿಟ್ಟು, ಕಟ್ಟೆಯ ಮೇಲೆ ಕೂತು ಹೇಳಿದ ಹಾಗೆ ಹೇಳುತ್ತೇನೆ. ಒಂದು ವಿಷಯ ಈಗಲೇ ಹೇಳಿಬಿಡುವೆ. ಡೈವೋರ್ಸ್ ಆದ ಗಂಡಹೆಂಡತಿ ಇಬ್ಬರೂ ಕೊನೆಗೆ ಒಂದಾಗುತ್ತಾರಾ ಅಂತ ಕಾಯುತ್ತಾ ಕೂರಬೇಡಿ. ಇಲ್ಲ. ಈ ಕಥೆಯಲ್ಲಿ ತೀರ್ಮಾನವಾಗಬೇಕಾದದ್ದು ಒಂದೇ: ನಾಯಿ ಯಾರಿಗೆ?

೨

ಹಾಸನದಲ್ಲಿ ನಿಸರ್ಗ ಎಂಬ ಹುಡುಗಿ ಇದ್ದಳು. (ಮೂವತ್ತೊಂದು ವರ್ಷದವಳನ್ನು ಹುಡುಗಿ ಅನ್ನಬೇಡಿ ಅಂತ ಆಕೆಯೇ ಮಾರ್ಜಿನ್ನಿನಲ್ಲಿ ಬರೆದಿದ್ದಾಳೆ. ಸರಿ, ಹೆಂಗಸು. ಅದಕ್ಕೂ ಮುಖ ಸೊಟ್ಟಗೆ ಮಾಡಿದ್ದಾಳೆ. ನಿಸರ್ಗ ಇದ್ದಳು, ಅಷ್ಟೇ.) ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ತವರು ಚನ್ನರಾಯಪಟ್ಟಣ. ಅಪ್ಪ ದೇವರಾಜು ಬಾಗೂರು ಕಡೆ ಒಂದಿಷ್ಟು ಜಮೀನು ಇಟ್ಟುಕೊಂಡು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ. ಅಜ್ಜಿ ಚಿಕ್ಕಲಕ್ಷ್ಮಮ್ಮ ಆ ಅಂಗಡಿಯನ್ನೂ ದೇವರಾಜುವನ್ನೂ ನಡೆಸುತ್ತಾಳೆ.

ರಜನೀಶ ಅರಕಲಗೂಡಿನವನು. ಹಾಸನದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಲ್ಲಿ ಸೂಪರ್‌ವೈಸರ್. ತಾಯಿ ದಾಕ್ಷಾಯಣಮ್ಮ, ಪೂಜೆ ಮುಗಿಯದೆ ಕಾಫಿಯ ಲೋಟ ಮುಟ್ಟದ ಹೆಂಗಸು. ಮೊಟ್ಟೆ ಎಂಬ ಪದವನ್ನು ಕೂಡ ಆಕೆ ಸೆರಗು ಮುಚ್ಚಿಕೊಂಡು ಹೇಳುತ್ತಾರೆ.

ಅವನು ಕನ್ನಡಕ ಬದಲಾಯಿಸಲು ಅಂಗಡಿಗೆ ಬಂದ. ಎರಡು ತಿಂಗಳಲ್ಲಿ ಐದು ಸಲ ಬಂದ. ಮನುಷ್ಯನ ಕಣ್ಣು ಅಷ್ಟು ಬೇಗ ಕೆಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು, ಆದರೂ ಪರೀಕ್ಷೆ ಮಾಡಿದಳು. ಎರಡೂ ಮನೆಯವರು ಒಂದು ವರ್ಷ ಮುನಿಸಿಕೊಂಡು, ಆಮೇಲೆ ಒಪ್ಪಿ, ಎರಡೂರಿಗೂ ನಡುವೆ ಸಿಗುತ್ತದೆ ಅಂತ ಹೊಳೆನರಸೀಪುರದ ಛತ್ರದಲ್ಲಿ ಮದುವೆ ಮಾಡಿದರು. ನಾಲ್ಕು ವರ್ಷದ ನಂತರ ಬಿಟ್ಟರು.

ಯಾಕೆ ಬಿಟ್ಟರು? ನಾನೂ ಕೇಳಿದೆ. "ಏನಿಲ್ಲ ಸಾರ್, ಸೆಟ್ ಆಗ್ಲಿಲ್ಲ" ಅಂದಳು ನಿಸರ್ಗ. ರಜನೀಶನನ್ನು ಬೇರೆಯಾಗಿ ಕೇಳಿದರೆ ಅವನೂ ಅಕ್ಷರಶಃ ಅದನ್ನೇ ಅಂದ. ನಾಲ್ಕು ವರ್ಷದಲ್ಲಿ ಇಬ್ಬರೂ ಒಪ್ಪಿದ ಮಾತು ಅದೊಂದೇ ಇರಬೇಕು.

೨ (ಮತ್ತೆ, ಯಾಕೆಂದರೆ ನಾಯಿ ಬಿಟ್ಟುಹೋಯಿತು)

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಇಬ್ಬರೂ ಸ್ಕೂಟರಿನಲ್ಲಿ ಹಾಸನದ ಹತ್ತಿರದ ಮೊಸಳೆ ಅನ್ನುವ ಊರಿಗೆ ಹೋಗಿದ್ದರು. ಜೋಡಿ ಗುಡಿಗಳ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದರೆ ಸ್ಕೂಟರಿನ ಕಾಲಿಡುವ ಜಾಗದಲ್ಲಿ, ನಿಸರ್ಗ ಬಿಟ್ಟುಹೋಗಿದ್ದ ಚಪ್ಪಲಿಯ ಮೇಲೆ, ಅಂಗೈಯಗಲದ ಒಂದು ಕಂದು ಮರಿ ಕೂತಿತ್ತು. ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿಕೊಂಡು. ಇಳಿಸಿದರು, ಮತ್ತೆ ಹತ್ತಿತು. ಇಳಿಸಿದರು, ಹತ್ತಿತು. ಮೂರನೆಯ ಸಲ ಇಳಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಬೆಳೆದು ದೊಡ್ಡದಾಗುತ್ತದೆ ಅಂತ ಭೀಮ ಎಂದು ಹೆಸರಿಟ್ಟರು. ಭೀಮ ಉದ್ದಕ್ಕೆ ಬೆಳೆದ, ಎತ್ತರಕ್ಕೆ ಬೆಳೆಯಲಿಲ್ಲ.

ನಿಸರ್ಗಳಿಗೆ ಭೀಮ ಯಾಕೆ ಅಷ್ಟು ಬೇಕು ಅನ್ನುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ಅವಳ ಮದುವೆಯಲ್ಲಿ ಪ್ರತಿಯೊಂದನ್ನೂ ಯಾರೋ ಯಾರಿಗೋ ಕೊಟ್ಟಿದ್ದರು. ಬೀರು ಸೋದರಮಾವ ಕೊಟ್ಟದ್ದು, ಮಿಕ್ಸಿ ಚಿಕ್ಕಮ್ಮ ಕೊಟ್ಟದ್ದು, ಸಲಹೆ ಎಲ್ಲರೂ ಕೊಟ್ಟದ್ದು. ಯಾರೂ ಕೊಡದೆ, ಯಾರನ್ನೂ ಕೇಳದೆ ಬಂದವನು ಭೀಮ ಒಬ್ಬನೇ. ಸಂಜೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅವನು ಕಾಲ ಮೇಲೆ ಹೊಟ್ಟೆ ಹಾಕಿ ಮಲಗುತ್ತಿದ್ದ. ಅದು ಇಲ್ಲದ ಸಂಜೆ ಅವಳಿಗೆ ಬೇಡವಾಗಿತ್ತು. ರಜನೀಶನಿಗೂ ಅಷ್ಟೇ ಇಷ್ಟವಿರಬಹುದು, ಆದರೆ ನಾನು ಅವಳ ಪಕ್ಕದಲ್ಲಿ ನಿಂತು ಈ ಕಥೆ ಹೇಳುತ್ತಿದ್ದೇನೆ. ಲೇಖಕರು ತಟಸ್ಥರು ಅನ್ನುವುದು ಶುದ್ಧ ಸುಳ್ಳು.

೩

ನಮ್ಮ ಕಡೆ ಮದುವೆ ಮುರಿದರೆ ಕೋರ್ಟಿಗೆ ಹೋಗುವ ಮುಂಚೆ ಒಂದು ಪಟ್ಟಿಯಾಗುತ್ತದೆ. ಅವರು ಕೊಟ್ಟದ್ದು ಅವರಿಗೆ, ಇವರು ಕೊಟ್ಟದ್ದು ಇವರಿಗೆ. ಇಲ್ಲಿ ಜಗಳ ಬರುವುದು ವಸ್ತು ಬೇಕು ಅಂತಲ್ಲ, ಬೇಡ ಅಂತ. "ಅವರ ಮನೇದು ಒಂದು ಸೌಟೂ ನಮ್ಮನೇಲಿ ಇರಕೂಡದು" ಎಂದರು ದಾಕ್ಷಾಯಣಮ್ಮ. ದೇವರಾಜು ಅದಕ್ಕಿಂತ ಒಂದು ಕೈ ಮೇಲೆ ಹೋಗಿ, ಅರಕಲಗೂಡಿನಿಂದ ಬಂದಿದ್ದ ಉಪ್ಪಿನಕಾಯಿಯ ಭರಣಿಯನ್ನು ತೊಳೆದು ಒರೆಸಿ ಒಳಗೆ ಹೊಸ ಉಪ್ಪಿನಕಾಯಿ ತುಂಬಿಸಿ ಕಳಿಸಿದ. ಖಾಲಿ ಪಾತ್ರೆ ಕಳಿಸಿದರೆ ಮರ್ಯಾದೆಯಲ್ಲ ಅಂತ. ಆ ಉಪ್ಪಿನಕಾಯಿಯನ್ನು ಮರಳಿಸಲು ಇನ್ನೊಂದು ಟ್ರಿಪ್ಪಾಯಿತು.

ಕೊಟ್ಟದ್ದೆಲ್ಲ ಪಟ್ಟಿಯಲ್ಲಿ ಬಂತು. ಯಾರೂ ಕೊಡದ ಭೀಮ ಯಾವ ಕಡೆಯ ಪಟ್ಟಿಗೂ ಬರಲಿಲ್ಲ. "ಪರಸ್ಪರರ ಮೇಲೆ ಇನ್ನು ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ" ಎಂದು ಇಬ್ಬರೂ ಸಹಿ ಹಾಕಿ ಕೋರ್ಟಿನಿಂದ ಹೊರಗೆ ಬಂದರೆ, ಹುಣಸೆ ಮರಕ್ಕೆ ಕಟ್ಟಿದ್ದ ಭೀಮ ಇಬ್ಬರನ್ನೂ ನೋಡಿ ಒಂದೇ ಬಾಲವನ್ನು ಅಲ್ಲಾಡಿಸಿದ. ಇಬ್ಬರ ಕೈಯೂ ಒಟ್ಟಿಗೆ ಹಗ್ಗದ ಗಂಟಿಗೆ ಹೋಯಿತು.

"ನಾನು ಕರ್ಕೊಂಡು ಹೋಗ್ತೀನಿ" ಅಂದಳು ನಿಸರ್ಗ.

"ಯಾವ ಲೆಕ್ಕದಲ್ಲಿ? ಹತ್ತಿದ್ದು ನನ್ನ ಸ್ಕೂಟರ್ರು" ಅಂದ ರಜನೀಶ.

"ಸ್ಕೂಟರ್ ನಿಂದು. ಅವನು ಕೂತಿದ್ದು ನನ್ನ ಚಪ್ಪಲಿ ಮೇಲೆ."

ನಿಸರ್ಗಳ ಕಡೆಯ ವಕೀಲ ಕಾಂತರಾಜು ಮೂವತ್ತು ವರ್ಷದಿಂದ ಜಮೀನಿನ ಕೇಸು ನಡೆಸಿಕೊಂಡು ಬಂದವರು. ಬದು ಒತ್ತುವರಿ, ದಾರಿ ತಕರಾರು, ಅಣ್ಣತಮ್ಮಂದಿರ ಪಾಲುಪಾರಿಖತ್ತು. ನಾಯಿಯ ಕೇಸು ಅವರ ಕೈಗೆ ಬಂದಿರಲಿಲ್ಲ. ಆದರೆ ವಕೀಲ ಅಂದಮೇಲೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. "ಸ್ವತ್ತು ಅಂದ್ಮೇಲೆ ಸ್ವತ್ತು ಕಣಮ್ಮ, ನಾಲ್ಕು ಕಾಲಿದ್ರೇನು, ನಾಲ್ಕು ಗುಂಟೆ ಇದ್ರೇನು" ಎಂದು ಕರಾರು ಬರೆದೇಬಿಟ್ಟರು. ಅದರ ಒಂದು ಭಾಗ ಇಲ್ಲಿದೆ:

"ಷೆಡ್ಯೂಲು ಸ್ವತ್ತಿನ ವಿವರ: ಭೀಮ ಎಂಬ ಹೆಸರಿನ ಕಂದು ಬಣ್ಣದ ಗಂಡು ನಾಯಿ. ಚಕ್ಕುಬಂದಿ: ಪೂರ್ವಕ್ಕೆ ಮೂತಿ, ಪಶ್ಚಿಮಕ್ಕೆ ಬಾಲ, ಉತ್ತರಕ್ಕೆ ಎಡಪಕ್ಕೆ, ದಕ್ಷಿಣಕ್ಕೆ ಬಲಪಕ್ಕೆ. ಈ ಮಧ್ಯೆ ಇರುವ ಸ್ವತ್ತು ಪೂರಾ, ಅದಕ್ಕೆ ಸೇರಿದ ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಹಾಗೂ ಓಡಾಡುವ ದಾರಿಯ ಹಕ್ಕು ಸಮೇತ, ಉಭಯತ್ರರ ಜಂಟಿ ಸ್ವಾಧೀನದಲ್ಲಿ ಇರತಕ್ಕದ್ದು."

ವಕೀಲರು ತಮ್ಮ ಆಫೀಸಿನಲ್ಲಿ ಇದನ್ನು ಓದಿ ಹೇಳುವಾಗ ಭೀಮ ಎದ್ದು, ಒಂದು ಸುತ್ತು ಸುತ್ತಿ, ತಿರುಗಿ ಮಲಗಿದ.

"ಹಿಡ್ಕಳ್ರೀ, ಹಿಡ್ಕಳ್ರೀ! ಚಕ್ಕುಬಂದಿ ತಪ್ಪಾಯ್ತು!" ಎಂದು ಕಾಂತರಾಜು ಕೂಗಿದರು. ಇಬ್ಬರೂ ಸೇರಿ ನಾಯಿಯನ್ನು ಪೂರ್ವಕ್ಕೆ ತಿರುಗಿಸಿ ಹಿಡಿದುಕೊಂಡರು. ಸಹಿ ಆಗುವವರೆಗೂ ಅವನ ಮೂತಿ ಉತ್ತರಕ್ಕೆ, ಅರಸೀಕೆರೆಯ ಕಡೆಗೆ ಹೋಗದಂತೆ ನಿಸರ್ಗ ನೋಡಿಕೊಂಡಳು. 'ಜಲ' ಎನ್ನುವ ಕಲಮಿಗೆ ಮಾತ್ರ ಭೀಮ ಅಲ್ಲೇ, ವಕೀಲರ ಬೀರುವಿನ ಕಾಲಿಗೆ, ತನ್ನ ಒಪ್ಪಿಗೆ ಸೂಚಿಸಿದ.

೪

ಸ್ವಾಧೀನದ ಏರ್ಪಾಟನ್ನೂ ಕಾಂತರಾಜು ನಾಲೆಯ ನೀರಿನ ಲೆಕ್ಕದಲ್ಲೇ ಮಾಡಿದ್ದರು. ಸರದಿ. ಒಂದು ವಾರ ಚನ್ನರಾಯಪಟ್ಟಣ, ಒಂದು ವಾರ ಅರಕಲಗೂಡು. ಹಾಸನದ ಮನೆ ಖಾಲಿಯಾಗಿತ್ತು. ನಿಸರ್ಗ ಅದೇ ಕನ್ನಡಕದ ಅಂಗಡಿಯ ಚನ್ನರಾಯಪಟ್ಟಣದ ಬ್ರಾಂಚಿಗೆ ಹಾಕಿಸಿಕೊಂಡಿದ್ದಳು, ರಜನೀಶ ಅರಕಲಗೂಡಿನಿಂದ ಓಡಾಡುತ್ತಿದ್ದ. ಭಾನುವಾರ ಬೆಳಗ್ಗೆ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ನಾಯಿಯ ಹಸ್ತಾಂತರ. (ನೋಡಿದಿರಾ, ಆ ಕಿತ್ತು ಬಿಸಾಕಿದ ವಾಕ್ಯ ಇಲ್ಲಿ ನುಸುಳಲು ನೋಡುತ್ತಿದೆ. ಬಿಡುವುದಿಲ್ಲ.)

ಎರಡು ತಿಂಗಳಲ್ಲಿ ಭೀಮನಿಗೆ ಎರಡು ಬಾಳಾಯಿತು. ಪಟ್ಟಣದಲ್ಲಿ ಮುದ್ದೆ, ಬಾಡಿನ ಸಾರು, ಮೂಳೆ. ಅರಕಲಗೂಡಿನಲ್ಲಿ ಬೆಳಗ್ಗೆ ಸ್ನಾನ, ಹಣೆಗೆ ವಿಭೂತಿ, ಮೊಸರನ್ನ. ಅಲ್ಲಿ ಅವನು ಪೂಜೆ ಮುಗಿಯುವವರೆಗೆ ಬಾಗಿಲಲ್ಲಿ ಕೂತು ಗಂಟೆ ಬಾರಿಸಿದಾಗ ಊಳಿಡುತ್ತಿದ್ದ. ಇಲ್ಲಿ ಕೋಳಿ ಅಂಗಡಿ ತೆರೆಯುವುದನ್ನೇ ಕಾಯುತ್ತಿದ್ದ. ಎರಡು ಕಡೆಯೂ ಹೊಟ್ಟೆ ತುಂಬಾ ತಿಂದು, ಅವನ ಉತ್ತರ ದಕ್ಷಿಣದ ಚಕ್ಕುಬಂದಿ ತಲಾ ಎರಡಿಂಚು ಒತ್ತುವರಿಯಾಯಿತು.

ಮೊದಲ ತಕರಾರು ದಾಕ್ಷಾಯಣಮ್ಮನದು. ಅವರು ನಿಸರ್ಗಳಿಗೆ ಫೋನ್ ಮಾಡಲಿಲ್ಲ, ನನಗೇ ಮಾಡಿದರು.

"ಏನಪ್ಪಾ ಕತೆ ಬರಿಯೋನೇ, ಕತೇಲಿ ನಂಗೆ ಅತ್ತೆ ಪಾರ್ಟು ಕೊಟ್ಟಿದೀಯಂತೆ?"

"ಹೌದಮ್ಮ, ಸಣ್ಣ ಪಾತ್ರ."

"ಸಣ್ಣದೋ ದೊಡ್ಡದೋ, ಕೆಟ್ಟೋಳು ಮಾಡ್ಬ್ಯಾಡ ಕಣಪ್ಪಾ. ಎಲ್ಲಾ ಕತೇಲೂ ಅತ್ತೇರ್ನೇ ಕೆಟ್ಟೋರು ಮಾಡ್ತೀರಿ. ನಾನು ಆ ಹುಡ್ಗೀಗೆ ಒಂದಿನ ಗದರಿದೋಳಲ್ಲ. ಆದ್ರೆ ನೀನೇ ಏಳು, ನಾಯಿ ಬಂದ ಮೊದಲ್ನೇ ದಿನ ಬಾಯಿ ವಾಸ್ನೆ ತಡ್ಯಕ್ಕಾಯ್ತದಾ? ದೇವ್ರ ಮನೆ ಮುಂದೆ ಬಂದು ತೇಗ್ತಾನಲ್ಲಪ್ಪಾ!"

ನಾಯಿ ತೇಗುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಈ ತಕರಾರನ್ನು ನಿಸರ್ಗಳಿಗೆ ಮುಟ್ಟಿಸಿದರೆ, ಪಕ್ಕದಲ್ಲಿದ್ದ ದೇವರಾಜು ಎಗರಿಬಿದ್ದ. "ಮತ್ತೆ ಅವ್ರು ಮಾಡಿರಾದು? ಇಲ್ಲಿಗೆ ಬಂದು ಎರಡು ದಿನ ಮೂಳೆ ಮೂಸಿ ನೋಡ್ಬುಟ್ಟು ಪಕ್ಕಕ್ಕೆ ತಳ್ತಾನೆ. ಗಂಡ್ನಾಯಿನ ಸ್ವಾಮಿಗೋಳು ಮಾಡಿ ಕಳ್ಸವ್ರೆ!"

ಹೀಗೆ ಪ್ರತಿ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ನಾಯಿಯ ಜತೆ ಒಂದೊಂದು ಆರೋಪವೂ ಕೈ ಬದಲಾಯಿಸುತ್ತಿತ್ತು. ಉಗುರು ಕತ್ತರಿಸಿಲ್ಲ. ಬೆಲ್ಟು ಬಿಗಿಯಾಗಿದೆ. ಇಂಜೆಕ್ಷನ್ ತಾರೀಕು ಮರೆತೆ. ಮರೆತದ್ದು ನೀನು. ಇವರ ಜಗಳ ನೋಡಲು ಬೋಂಡದ ಗಾಡಿಯವನು ಅರಸೀಕೆರೆ ಬಸ್ಸಿನವರಿಗೆ ಕೂಡ ಜಾಗ ಹಿಡಿದಿಡುತ್ತಿದ್ದ.

೫

ಈ ಹಂತದಲ್ಲಿ ನಾನೊಂದು ತಪ್ಪು ಕೆಲಸಕ್ಕೆ ಕೈಹಾಕಿದೆ ಅಂತ ಒಪ್ಪಿಕೊಳ್ಳುತ್ತೇನೆ. ಒಂದಾಗುವುದಿಲ್ಲ ಅಂತ ನಿಮಗೆ ಮಾತು ಕೊಟ್ಟಿದ್ದೆ, ಆದರೂ ಕದ್ದು ಒಂದು ಪ್ಯಾರಾ ಬರೆದೆ. ಅದರಲ್ಲಿ ಬಸ್ಸು ತಡವಾಗಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ನಡುವೆ ಭೀಮ. ರಜನೀಶ ಎರಡು ಟೀ ತಂದ. "ಸಕ್ಕರೆ ಕಮ್ಮಿ, ನಿನಗೆ ನೆನಪಿದೆ" ಎಂದಳು ಅವಳು, ಮತ್ತು ಅವಳ ಕಣ್ಣಂಚಿನಲ್ಲಿ...

"ಸಾರ್, ನಿಲ್ಸಿ" ಅಂದಳು ನಿಸರ್ಗ.

"ಯಾಕಮ್ಮ?"

"ಕಣ್ಣಂಚು ನನ್ನ ಸಬ್ಜೆಕ್ಟು, ಅಲ್ಲಿ ಏನೂ ಇಲ್ಲ. ನನಗೆ ನಾಯಿ ಬೇಕು. ನಾಯಿ ಸಿಗುತ್ತೆ ಅಂತ ಯಾರಾದ್ರೂ ಮದುವೆ ಆಗ್ತಾರಾ? ಹಾಲಿಗೆ ಅಂತ ಹಸು ಕಟ್ಟಬಹುದು, ನಾಯಿಗೆ ಅಂತ ಗಂಡನ್ನ ಕಟ್ಟಕ್ಕಾಗುತ್ತಾ?"

ಅಷ್ಟರಲ್ಲಿ ರಜನೀಶನೂ ಬಂದ. "ಸಾರ್, ಬೇಜಾರ್ ಮಾಡ್ಕಬೇಡಿ. ಇಷ್ಟು ಪುಟದಲ್ಲಿ ನಂಗೆ ಎರಡು ಮಾತು ಕೊಟ್ಟಿದೀರಿ, ಅದರಲ್ಲಿ ಒಂದು ಸ್ಕೂಟರ್ ಬಗ್ಗೆ. ಈಗ ಟೀ ತರೋಕೆ ಮಾತ್ರ ಕರೀತೀರಾ? ನಾನೂ ರಾತ್ರಿ ಎದ್ದು ಅವನ ವಾಂತಿ ಒರೆಸಿದೀನಿ. ಅದನ್ನ ಬರೀರಿ."

ಬರೆದಿದ್ದೇನೆ. ಟೀ ಹೊಡೆದುಹಾಕಿದ್ದೇನೆ.

೬

ಕೊನೆಗೆ ತೀರ್ಮಾನದ ದಾರಿ ಹೇಳಿದವಳು ಅಜ್ಜಿ ಚಿಕ್ಕಲಕ್ಷ್ಮಮ್ಮ. ಒಂದು ಸೋಮವಾರ, ಅಂಗಡಿಯಲ್ಲಿ ಮೊಳೆ ತೂಗುತ್ತಾ ಕೂತಿದ್ದವಳು ತಕ್ಕಡಿಯನ್ನು ಪಕ್ಕಕ್ಕಿಟ್ಟಳು.

"ಅಲ್ಲ ಕಣೇ ನಿಸರ್ಗಾ, ನಮ್ ಕಾಲ್ದಲ್ಲಿ ದನ ತಪ್ಪುಸ್ಕಂಡು ಇಬ್ರು ನಂದು ನಂದು ಅಂತ ಕಿತ್ತಾಡುದ್ರೆ ಲಾಯರ್ನ ಎಲ್ಲಿ ಉಡುಕ್ಕಂಡು ಓಗ್ತಿದ್ವು? ನಡೂ ಬಯಲಲ್ಲಿ ಬುಟ್ಬುಟ್ಟು, ಇಬ್ರೂ ಕರೀರಿ ಅನ್ನೋರು. ಯಾರ ತಾವ್ಕೆ ಓಯ್ತದೋ ಅವ್ರುದೇಯ. ಮುಗೀತು. ದನುಕ್ಕಿರೋ ಬುದ್ದಿ ನಾಯಿಗಿಲ್ವಾ?"

ನಿಸರ್ಗ ಲೆಕ್ಕ ಹಾಕಿದಳು. ಅರ್ಧ ನಾಯಿ ಕೈಯಲ್ಲಿದೆ. ಇದಕ್ಕೆ ಒಪ್ಪಿದರೆ ಪೂರಾ ಸಿಗಬಹುದು, ಪೂರಾ ಹೋಗಲೂಬಹುದು. ಆದರೆ ಅವನು ನನ್ನ ಕಡೆಗೇ ಬರುತ್ತಾನೆ ಅಂತ ಅವಳಿಗೆ ಖಾತ್ರಿಯಿತ್ತು. ರಜನೀಶನಿಗೂ ಅಷ್ಟೇ ಖಾತ್ರಿ ಇದ್ದದ್ದರಿಂದ ಅವನೂ ಒಪ್ಪಿದ. ಸೋತವರು ಮತ್ತೆ ಕೇಳುವಂತಿಲ್ಲ, ನೋಡಲು ಬರುವಂತಿಲ್ಲ ಎಂದು ಕಾಂತರಾಜು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿಯನ್ನೂ ತೆಗೆದುಕೊಂಡರು.

ಆಷಾಢವಾದ್ದರಿಂದ ಹೊಳೆನರಸೀಪುರದ ಛತ್ರ ಖಾಲಿ ಇತ್ತು. ಅವರ ಮದುವೆ ನಡೆದ ಅದೇ ಛತ್ರ. ಗಾಡಿ ನಿಲ್ಲಿಸುವ ಹಿಂದಿನ ಬಯಲು ಸಾಕು ಅಂತ ಛತ್ರದ ಮೇಸ್ತ್ರಿಗೆ ಹೇಳಿದರು. ಯಾವ ಕಾರ್ಯ ಅಂತ ಅವನು ಕೇಳಿದ. ದೇವರಾಜು ಬಾಡಿಗೆ ಎಣಿಸಿ ಕೊಟ್ಟ.

ಭಾನುವಾರ ಹನ್ನೊಂದಕ್ಕೆ ಎಲ್ಲರೂ ಸೇರಿದರು. ದೇವರಾಜು ಅಂಗಡಿಯ ಲಗೇಜ್ ಆಟೋದಲ್ಲಿ ಅಜ್ಜಿಯನ್ನೂ ಮಗಳನ್ನೂ ಕರೆತಂದು ಬೇಲಿಯ ಪಕ್ಕ ನಿಲ್ಲಿಸಿದ. ದಾಕ್ಷಾಯಣಮ್ಮ ಮಗನ ಸ್ಕೂಟರಿನಲ್ಲಿ, ಮಡಿಲಲ್ಲಿ ಭೀಮನನ್ನು ಕೂರಿಸಿಕೊಂಡು ಬಂದರು. ಭೀಮನ ಹಣೆಯಲ್ಲಿ ಮೂರು ಗೆರೆ ವಿಭೂತಿ ಇನ್ನೂ ಒಣಗಿರಲಿಲ್ಲ.

"ಚೆನ್ನಾಗಿದೀರಾ ಸಾರ್?" ಎಂದ ರಜನೀಶ ದೇವರಾಜುವನ್ನು ನೋಡಿ.

ದೇವರಾಜುವಿನ ಮುಖ ಸಣ್ಣಗಾಯಿತು. "ಸಾರ್ ಅಂತೀಯಲ್ಲಪ್ಪ. ಮಾವ ಅನ್ನು. ಕಾಗ್ದ ಕಾಗ್ದುದ್ ಪಾಡಿಗಿರ್ಲಿ." ಆಮೇಲೆ ತಾನು ಎದುರು ಪಾರ್ಟಿ ಅನ್ನುವುದು ನೆನಪಾಗಿ ಮೀಸೆ ತಿರುವಿಕೊಂಡ.

ದಾಕ್ಷಾಯಣಮ್ಮ ನಿಸರ್ಗಳನ್ನು ಮೇಲಿಂದ ಕೆಳಕ್ಕೆ ನೋಡಿ, "ಸಣ್ಣಗಾಗಿದೀಯ" ಅಂದರು. ನಿಸರ್ಗ ಅತ್ತೆ ಅನ್ನಬೇಕೋ ಆಂಟಿ ಅನ್ನಬೇಕೋ ತಿಳಿಯದೆ, "ಹೂಂ" ಅಂದಳು.

೭

ಮೋಸ ಮಾಡಬಾರದು ಅಂತ ಅಜ್ಜಿ ಮೊದಲೇ ಹೇಳಿದ್ದಳು. ಆದ್ದರಿಂದ ಇಬ್ಬರೂ ಗುಟ್ಟಾಗಿ ಮಾಡಿದರು. ನಿಸರ್ಗಳ ವ್ಯಾನಿಟಿ ಬ್ಯಾಗಿನಲ್ಲಿ ಪೇಪರು ಸುತ್ತಿದ ಒಂದು ನಲ್ಲಿ ಮೂಳೆ ಇತ್ತು. ರಜನೀಶನ ಪ್ಯಾಂಟಿನ ಜೇಬಿನಲ್ಲಿ ತುಪ್ಪ ಸವರಿದ ಹೋಳಿಗೆ ಇತ್ತು, ಮತ್ತು ತುಪ್ಪ ಜೇಬಿನಿಂದ ಮಂಡಿಯವರೆಗೆ ಇಳಿದಿತ್ತು. ಕಾಂತರಾಜು ಟೇಪು ಹಿಡಿದು ಬಯಲನ್ನು ಅಳೆದು, ನಡುವೆ ಸುಣ್ಣದ ಚೌಕ ಹಾಕಿ, ಅಲ್ಲಿಂದ ಇಪ್ಪತ್ತು ಅಡಿಗೆ ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ ಎಳೆದರು. ಚೌಕದಲ್ಲಿ ಭೀಮನನ್ನು ಪೂರ್ವಾಭಿಮುಖವಾಗಿ ಕೂರಿಸಿದರು.

ಈಗ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಹತ್ತಿರ ಸಿದ್ಧವಾಗಿರುವ ಮುಕ್ತಾಯಗಳು ಇವು. ಬೇಕಾದದ್ದು ಆರಿಸಿಕೊಳ್ಳಿ.

ಅ) ಭೀಮ ನಿಸರ್ಗಳ ಕಡೆಗೆ ಓಡುತ್ತಾನೆ. ಅವಳಿಗೆ ಸಂತೋಷ. ರಜನೀಶ ತುಪ್ಪದ ಪ್ಯಾಂಟಿನಲ್ಲಿ ಒಬ್ಬನೇ ಅರಕಲಗೂಡಿನ ಬಸ್ಸಿಗೆ ಕಾಯುತ್ತಾನೆ. (ಸ್ಕೂಟರಿನಲ್ಲಿ ಬಂದವನು ಬಸ್ಸಿಗೆ ಯಾಕೆ ಕಾಯುತ್ತಾನೆ? ಕರುಣೆ ಬರಲಿ ಅಂತ.)

ಆ) ಭೀಮ ರಜನೀಶನ ಕಡೆಗೆ ಓಡುತ್ತಾನೆ. ನಿಸರ್ಗ ನನ್ನ ಮನೆಗೆ ಬಂದು ಲ್ಯಾಪ್‌ಟಾಪ್ ಒಡೆಯುತ್ತಾಳೆ.

ಇ) ಭೀಮ ಅಜ್ಜಿಯ ಮಡಿಲಿಗೆ ಹೋಗುತ್ತಾನೆ. ಹಿರಿಯರು ಎಲ್ಲರಿಗಿಂತ ದೊಡ್ಡವರು ಅನ್ನುವ ನೀತಿ. ಪಠ್ಯಪುಸ್ತಕದ ಸಮಿತಿಗೆ ಕಳಿಸಬಹುದು.

ಈ) ಬೇಲಿಯಾಚೆ ಒಂದು ಬಿಳಿ ಹೆಣ್ಣು ನಾಯಿ ಹಾದುಹೋಗುತ್ತದೆ. ಭೀಮನಿಗೂ ಸಂಸಾರ ಶುರು. ಕಾಂತರಾಜುವಿಗೆ ಮುಂದಿನ ಕೇಸು.

ಇವನ್ನು ನಿಸರ್ಗಳಿಗೆ ಓದಿ ಹೇಳಿದೆ. ಅವಳು ಗೆರೆಯ ಮೇಲೆ ನಿಂತಿದ್ದಳು. "ಸಾರ್, ಇದು ತಮಾಷೆ ಅಲ್ಲ. ಇವತ್ತು ಸಂಜೆ ಅವನು ನನ್ನ ಮನೇಲಿ ಇರ್ತಾನೋ ಇಲ್ವೋ ಅನ್ನೋದು" ಅಂದಳು. ನನಗೆ ನಾಚಿಕೆಯಾಗಿ ಹಾಳೆ ಮಡಚಿಟ್ಟೆ.

೮

"ಊಂ, ಕರೀರಿ" ಅಂದಳು ಅಜ್ಜಿ.

"ಭೀಮಾ! ಬಾ ಬಂಗಾರ, ಬಾ!" ಎಂದಳು ನಿಸರ್ಗ.

"ಭೀಮಾ, ಬಾರೋ ಮಗನೇ!" ಎಂದ ರಜನೀಶ.

ಭೀಮ ಎದ್ದು ನಿಂತ. ಬಾಲ ಅಲ್ಲಾಡಿಸಿದ. ಅವಳ ಕಡೆ ಎರಡು ಹೆಜ್ಜೆ ಬಂದ, ಇವನ ಕಡೆ ಮೂರು ಹೆಜ್ಜೆ ಹೋದ. ನಿಸರ್ಗ ದನಿ ಏರಿಸಿದಳು. ರಜನೀಶನೂ ಏರಿಸಿದ. "ಭೀಮಾ!" "ಭೀಮಾ!" ಬೇಲಿಯ ಮೇಲಿನ ಕಾಗೆ ಎದ್ದುಹೋಯಿತು.

"ಏಯ್, ಗೆರೆ ದಾಟಿದೀಯ ನೀನು!"

"ನಾನೆಲ್ಲಿ ದಾಟಿದೆ? ಮೊದಲು ಬ್ಯಾಗಿಂದ ಕೈ ತೆಗಿ. ಏನಿದೆ ಅದ್ರಲ್ಲಿ?"

"ನಿನ್ನ ಪ್ಯಾಂಟ್ ನೋಡ್ಕೋ! ಯಾವಾಗ್ಲೂ ಹಿಂಗೇ ನೀನು!"

"ನಾನು ಹಿಂಗಾ? ನೀನೇನು? ಒಂದು ದಿನ ಒಂದು ಮಾತು ಕೇಳಿದೀಯಾ?"

ಭೀಮನ ಬಾಲ ನಿಂತಿತು. ನೆಟ್ಟಗಿದ್ದ ಕಿವಿಯೂ ಮಡಚಿಕೊಂಡಿತು. ಅವನು ಹೊಟ್ಟೆಯನ್ನು ನೆಲಕ್ಕೆ ಒತ್ತಿ, ಯಾರ ಮುಖವನ್ನೂ ನೋಡದೆ, ಸುಣ್ಣದ ಚೌಕ ದಾಟಿ, ಬೇಲಿಯ ಪಕ್ಕಕ್ಕೆ ತೆವಳಿಕೊಂಡು ಹೋಗಿ ಲಗೇಜ್ ಆಟೋದ ಅಡಿಗೆ ನುಗ್ಗಿದ.

ನಿಸರ್ಗ ಗೆರೆ ಬಿಟ್ಟು ಆಟೋದ ಕಡೆಗೆ ನಡೆದಳು.

(ಇಲ್ಲಿ ನಾನು ಕೈಮುಗಿದು ಕ್ಷಮೆ ಕೇಳಬೇಕು. ಈಗ ಹೇಳುವುದನ್ನು ಎರಡನೆಯ ಭಾಗದಲ್ಲೇ ಹೇಳಬೇಕಿತ್ತು. ಕಸುಬು ಬಲ್ಲ ಕಥೆಗಾರ ಅಲ್ಲೇ ಒಂದು ಮೂಲೆಯಲ್ಲಿ ಸದ್ದಿಲ್ಲದೆ ಇಟ್ಟುಬರುತ್ತಿದ್ದ. ಆದರೆ ನನಗೆ ಗೊತ್ತಿರಲಿಲ್ಲ. ನಿಸರ್ಗಳಿಗೂ ಈ ಕ್ಷಣದವರೆಗೆ ಗೊತ್ತಿರಲಿಲ್ಲ.)

ಹಾಸನದ ಮನೆಯಲ್ಲಿ ಭೀಮ ಎಷ್ಟೋ ಸಲ ಮಂಚದ ಅಡಿಯಲ್ಲಿ ಮಲಗಿರುತ್ತಿದ್ದ. ಅವನಿಗೆ ಸೆಕೆ, ನೆಲದ ತಂಪು ಬೇಕು ಅಂತ ಇಬ್ಬರೂ ನಂಬಿದ್ದರು. ಬಂದವರಿಗೆಲ್ಲ ಹಾಗೇ ಹೇಳುತ್ತಿದ್ದರು. ರಜನೀಶ ಅವನಿಗಾಗಿ ಮಂಚದ ಕಡೆಗೆ ಫ್ಯಾನ್ ತಿರುಗಿಸಿಟ್ಟಿದ್ದ. ಗೀಸರ್ ಆಫ್ ಮಾಡಲಿಲ್ಲ ಅಂತ ಜಗಳವಾದ ದಿನ, ನಿಮ್ಮಮ್ಮ ಹಾಗಂದರು ಅಂತ ಜಗಳವಾದ ದಿನ, ಯಾಕೆ ಅಂತ ಇಬ್ಬರಿಗೂ ಮರೆತುಹೋಗುವಷ್ಟು ಹೊತ್ತು ಜಗಳವಾದ ದಿನ, ಕೂಗಿ ಕೂಗಿ ಸುಸ್ತಾದ ಮೇಲೆ ಒಬ್ಬೊಬ್ಬರೇ ಬಿಸ್ಕತ್ತು ಹಿಡಿದು ಬಗ್ಗಿ ಅವನನ್ನು ಹೊರಗೆ ಕರೆಯುತ್ತಿದ್ದರು. ಡಿಸೆಂಬರಿನಲ್ಲೂ ಕರೆದಿದ್ದರು. ಹಾಸನದಲ್ಲಿ, ಡಿಸೆಂಬರಿನಲ್ಲಿ, ಯಾವ ನಾಯಿಗೆ ಸೆಕೆಯಾಗುತ್ತದೆ? ಇಬ್ಬರಿಗೂ ಹೊಳೆದಿರಲಿಲ್ಲ.

ನಿಸರ್ಗ ಮಂಡಿಯೂರಿ, ಆಮೇಲೆ ಹೊಟ್ಟೆಯ ಮೇಲೆ ಮಲಗಿ ಆಟೋದ ಅಡಿಗೆ ನೋಡಿದಳು. ಆಷಾಢದ ಗಾಳಿ ಮೈ ಕೊರೆಯುತ್ತಿತ್ತು. ಒಳಗೆ ಎರಡು ಕಣ್ಣು, ಅಳಿಸಿದ ವಿಭೂತಿ. ಭೀಮ ನಡುಗುತ್ತಿದ್ದ. ಅವಳಿಗೆ ಆದದ್ದು ದುಃಖವಲ್ಲ, ನಾಚಿಕೆ. ಎದೆ ಬಿಸಿಯಾಗಿ, ಕಿವಿಯವರೆಗೆ ಏರುವಂಥ ನಾಚಿಕೆ.

ಆಟೋದ ಆ ಕಡೆಯಿಂದ ಇನ್ನೊಂದು ಮುಖ ನೆಲಕ್ಕೆ ಬಂತು. ಕನ್ನಡಕ ಓರೆಯಾಗಿತ್ತು.

"ಸೆಕೆ ಅಲ್ಲ ಕಣೋ" ಅಂದಳು ನಿಸರ್ಗ, ಪಿಸುಮಾತಿನಲ್ಲಿ.

"ಹೂಂ" ಅಂದ ರಜನೀಶ. ಕನ್ನಡಕ ಸರಿಮಾಡಿಕೊಂಡು, "ಫ್ಯಾನ್ ಬೇರೆ ಹಾಕ್ತಿದ್ದೆ" ಅಂದ.

ಹಿಂದಿನಿಂದ ಕಾಂತರಾಜು ಗಂಟಲು ಸರಿ ಮಾಡಿಕೊಂಡರು. "ನೋಡಿ, ಆಟೋ ದೇವರಾಜು ಹೆಸರಲ್ಲಿದೆ. ಸ್ವತ್ತು ತಾನಾಗಿ ಆಟೋ ಕೆಳಗೆ ಪ್ರವೇಶ ಮಾಡಿರೋದ್ರಿಂದ ಸ್ವಾಧೀನ ಕಾನೂನು ಪ್ರಕಾರ ನಮ್ಮ..."

"ಅಂಕಲ್, ಸುಮ್ನಿರಿ" ಅಂದಳು ನಿಸರ್ಗ.

ಗೆದ್ದಿದ್ದಳು, ನೋಡಿ. ಹೂಂ ಅಂದಿದ್ದರೆ ಸಾಕಿತ್ತು, ಭೀಮ ಪೂರಾ ಅವಳವನಾಗುತ್ತಿದ್ದ. ರಜನೀಶ ಎದುರಾಡುವ ಸ್ಥಿತಿಯಲ್ಲೂ ಇರಲಿಲ್ಲ. ಅವಳು ಬ್ಯಾಗಿನಿಂದ ಮೂಳೆ ತೆಗೆಯಲಿಲ್ಲ. ಅವನು ಜೇಬಿಗೆ ಕೈ ಹಾಕಲಿಲ್ಲ. ಇಬ್ಬರೂ ಗಲ್ಲವನ್ನು ಮಣ್ಣಿಗೆ ಊರಿ ಸುಮ್ಮನೆ ಮಲಗಿದ್ದರು.

"ಮತ್ತೆ ಯಾರ್ಗೆ ಅಂತ ಆಯ್ತಪ್ಪಾ?" ಎಂದರು ದಾಕ್ಷಾಯಣಮ್ಮ. ಅಜ್ಜಿ ಅವರ ಕೈ ಹಿಡಿದು ಅದುಮಿದಳು. "ಸುಮ್ಕಿರವ್ವ. ದನಕ್ಕೆ ಏಳಿದ್ದು ಇದಕ್ಕೆ ಆಗ್ಲಿಲ್ಲ. ನಂದೇ ತಪ್ಪು" ಅಂದಳು ಚಿಕ್ಕಲಕ್ಷ್ಮಮ್ಮ. ತನ್ನ ತಪ್ಪು ಅಂತ ಅವಳು ಹೇಳಿದ್ದನ್ನು ದೇವರಾಜು ಐವತ್ತೆಂಟು ವರ್ಷದಲ್ಲಿ ಕೇಳಿರಲಿಲ್ಲ.

ಮುಕ್ಕಾಲು ಗಂಟೆ ಕಳೆಯಿತು. ಭೀಮ ಹೊರಗೆ ಬರಲಿಲ್ಲ. ನಾನು ಗಡಿಯಾರ ನೋಡಿಕೊಂಡೆ. ಕಥೆ ಉದ್ದವಾಯಿತು, ಪುಟ ಮುಗಿಯುತ್ತಾ ಬಂತು. ಬಗ್ಗಿ, ಆಟೋದ ಅಡಿಗೆ ತಲೆ ಹಾಕಿ ಕೇಳಿದೆ:

"ನಿಸರ್ಗ, ಏನಾದರೂ ಒಂದು ಹೇಳಮ್ಮ. ಓದುಗರು ಕಾಯ್ತಾ ಇದ್ದಾರೆ. ನಾಯಿ ಯಾರಿಗೆ?"

ಭೀಮ ಇನ್ನೂ ಒಂದು ಗೇಣು ಒಳಕ್ಕೆ ಸರಿದ.

"ಸಾರ್, ನಿಮಗೆ ಕೈ ಮುಗೀತೀನಿ" ಅಂದಳು ಅವಳು, ನನ್ನ ಕಡೆ ತಿರುಗದೆ. "ನೀವೂ ಸ್ವಲ್ಪ ಸುಮ್ನಿರಿ. ಹೆದರ್ಕೊಂಡಿದಾನೆ."

ಅವಳು ಹೇಳಿದ್ದು ಸರಿ. ಮೊದಲ ಪುಟದಿಂದ ಇಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನೇ. ನಿಲ್ಲಿಸುತ್ತೇನೆ. ನೀವೂ ಎದ್ದು ಹೋಗುವುದಾದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೋಗಿ.